ಹಳೆ ದಾಖಲೆಗಳನ್ನು ಕಾಪಾಡಲು ಮಾಡುವ ಉಪಚಾರದಿಂದಲೇ ಅವುಗಳ ಲೋಹ ಹಾಳಾಗುತ್ತದೆಯೇ?

ಹೌದು, ಆಗುತ್ತದೆ. ಪೋಪ್‌ಗಳ ಹಳೆ ಆದೇಶಪತ್ರಗಳನ್ನೇ ನೋಡಿ. ಚರ್ಮದ ಹಾಳೆಗೆ ದಾರದಿಂದ ಸೀಸದ ಮುದ್ರೆ ಕಟ್ಟಿರುತ್ತಾರೆ. ಒಂದು ಬದಿಗೆ ಸಂತ ಪೀಟರ್, ಪಾಲ್ ಮುಖ, ಇನ್ನೊಂದು ಬದಿಗೆ ಪೋಪ್ ಹೆಸರು. ಭದ್ರವಾಗಿರಲಿ ಅಂತ ಓಕ್ ಪೆಟ್ಟಿಗೆಯಲ್ಲಿಟ್ಟರೆ ಮರವೇ ಅಸಿಟಿಕ್ ಆಮ್ಲದ ಆವಿ ಬಿಡುತ್ತದೆ. ವಿನೆಗರ್‌ನಲ್ಲಿರುವುದೂ ಇದೇ ಅಲ್ವಾ? ರಿಪೇರಿಗೆ ಬಳಸುವ ಕೆಲವು ಅಂಟುಗಳೂ ಅಷ್ಟೇ. ಸೀಸ ಮೊದಲು ಈ ಆಮ್ಲದ ಜೊತೆ ಸೇರಿ ಅಸಿಟೇಟ್ ಎಂಬ ಲವಣವಾಗಿ, ಆಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಬಿಳಿ ಪುಡಿಯಾಗುತ್ತದೆ. ಸಂತರ ಮುಖವೇ ಉದುರಿಹೋಗುತ್ತದೆ, ತುಂಬಾ ಬೇಸರದ ಸಂಗತಿ. ಆ ಪುಡಿ ವಿಷ ಬೇರೆ, ಬರಿಗೈಲಿ ಮುಟ್ಟಬೇಡಿ.

ನಮ್ಮ ತಾಮ್ರಶಾಸನಗಳನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ ತೊಳೆದರೆ, ಉಳಿದ ಕ್ಲೋರೈಡ್ ತೇವ ಸಿಕ್ಕಾಗ ಹಸಿರು ಪುಡಿ ಎಬ್ಬಿಸಿ ಅಕ್ಷರ ತಿನ್ನುತ್ತದೆ. ಹಳೆ ಕಾಗದಗಳನ್ನು ನೀರಲ್ಲಿ ತೊಳೆಯುವ ಮುಂಚೆ ಕಬ್ಬಿಣದ ಗುಂಡುಪಿನ್ನುಗಳನ್ನೂ ತೆಗೆದಿಡಬೇಕು, ಇಲ್ಲದಿದ್ದರೆ ಅವು ತುಕ್ಕು ಹಿಡಿಯುತ್ತವೆ.