ಗುಂಡು ಹಾರಿಸದ ದೊಡ್ಡಪ್ಪನ ಕಥೆ ನಮಗೆ ಬೇಕು

ಪೊನ್ನಂಪೇಟೆ ಕಡೆಯ ಓದುಗರೊಬ್ಬರ ಪತ್ರ: "ನಮ್ಮ ದೊಡ್ಡಪ್ಪ 34 ವರ್ಷ ನೌಕಾಪಡೆಯಲ್ಲಿ ಎಂಜಿನಿಯರ್ ಆಗಿದ್ದರು. 2010ರಲ್ಲಿ ಕಮಾಂಡರ್ ಆಗಿ ನಿವೃತ್ತರಾದರು. ಈಗ ಊರಲ್ಲಿ ತೋಟ ನೋಡಿಕೊಂಡಿದ್ದಾರೆ. ಅವರ ಜೀವನವನ್ನು ಬರಿ ಎಂದು ಮನೆಯವರೆಲ್ಲ ನನ್ನ ಬೆನ್ನು ಹತ್ತಿದ್ದಾರೆ. ಬರೆಯಲು ಏನಿದೆ ಹೇಳಿ? 1971ರ ಯುದ್ಧದ ಹೊತ್ತಿಗೆ ಅವರು ಸ್ಕೂಲ್ ಹುಡುಗ. ಕಾರ್ಗಿಲ್ ಹೊತ್ತಿಗೆ ಮುಂಬೈ ಡಾಕ್‌ಯಾರ್ಡಿನಲ್ಲಿ ರಿಪೇರಿ ಕೆಲಸ. ಒಂದು ಗುಂಡೂ ಹಾರಿಸಿದವರಲ್ಲ. ಭೂಸೇನೆಯ ಮುಖ್ಯಸ್ಥರಾಗಿದ್ದ ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಈ ಕೊಡಗು ಜಿಲ್ಲೆಯಲ್ಲಿ ಹಡಗಿನ ಉಗಿ ಬಾಯ್ಲರ್ ನೋಡಿಕೊಂಡವರ ಕಥೆ ಯಾರಿಗೆ ಬೇಕು?"

ಸಂಪಾದಕರ ಉತ್ತರ:

ನನಗೆ ಬೇಕು. ಈ ಪತ್ರಿಕೆಗೆ ಬೇಕು.

ನಿಮ್ಮ ಮಾತಲ್ಲಿ ನಿಜವಿಲ್ಲ ಎನ್ನುವುದಿಲ್ಲ. ಯುದ್ಧದಲ್ಲಿ ಜೀವ ಕೊಟ್ಟವರ ಸ್ಥಾನ ಬೇರೆಯೇ. ಮಡಿಕೇರಿಯಲ್ಲಿ ಅವರ ಪ್ರತಿಮೆಗಳ ಮುಂದೆ ಹಾದು ಹೋಗುವಾಗ ಈಗಲೂ ನನ್ನ ಕೈ ತಾನಾಗಿ ಎದೆಗೆ ಹೋಗುತ್ತದೆ. ಆದರೆ ಆ ಪ್ರತಿಮೆಗಳಲ್ಲೇ ಒಂದರ ಹಿಂದಿನ ಕಥೆ ನಿಮಗೆ ನೆನಪಿಸಬೇಕು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ತಮ್ಮ ಹಳೆಯ ಮಿಸ್ಟೇರ್ ವಿಮಾನದಲ್ಲಿ ಅವರು ಶತ್ರುವಿನ ಸ್ಟಾರ್‌ಫೈಟರ್ ಜೆಟ್ ಒಂದನ್ನು ಕೆಡವಿದ್ದರು. ಇದು ನಮ್ಮವರಿಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ. ವಿದೇಶಿ ಲೇಖಕರೊಬ್ಬರು ಬರೆದ ಮೇಲೆ ವಿಷಯ ಹೊರಗೆ ಬಂತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಬರೆದಿಡದಿದ್ದರೆ ಅಂಥ ಸಾಹಸಕ್ಕೇ ಈ ಗತಿ. ಇನ್ನು ನಿಮ್ಮ ದೊಡ್ಡಪ್ಪನ 34 ವರ್ಷದ ಕಥೆ ಏನಾಗಬೇಕು?

ಬಾಯ್ಲರ್ ಎಂದು ಸುಮ್ನೆ ತಳ್ಳಿಹಾಕಿದಿರಲ್ಲ, ಅದು ನನಗೆ ಸ್ವಲ್ಪ ಬೇಸರ ತಂದಿತು. 1971ರಲ್ಲಿ ನಮ್ಮ ವಿಮಾನವಾಹಕ ಹಡಗು ವಿಕ್ರಾಂತ್‌ನ ಒಂದು ಬಾಯ್ಲರ್ ಬಿರುಕು ಬಿಟ್ಟಿತ್ತು. ಪೂರ್ತಿ ವೇಗದಲ್ಲಿ ಓಡುವಂತಿರಲಿಲ್ಲ. ಆದರೂ ಅದು ಬಂಗಾಳ ಕೊಲ್ಲಿಗೆ ಹೋಯಿತು. ಡಿಸೆಂಬರ್ 4ರಂದು ಅದರ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ಪೈಲಟ್‌ಗಳು ಮೇಲೆ ಹಾರುತ್ತಿದ್ದಾಗ ಕೆಳಗೆ ಆ ಬಿರುಕುಬಿಟ್ಟ ಬಾಯ್ಲರ್ ಪಕ್ಕ ಬೆವರು ಸುರಿಸುತ್ತ ನಿಂತವರು ಇದ್ದರು ಅಲ್ವಾ? ಅವರ ಪೈಕಿ ಯಾರ ಹೆಸರಾದರೂ ನಮಗೆ ಗೊತ್ತಾ? ಕಾರ್ಗಿಲ್ ಸಮಯದಲ್ಲೂ ನೌಕಾಪಡೆ ಅರಬ್ಬಿ ಸಮುದ್ರದ ಉತ್ತರಕ್ಕೆ ಹಡಗುಗಳನ್ನು ಕಳಿಸಿತ್ತು. ಡಾಕ್‌ಯಾರ್ಡಿನಲ್ಲಿ ರಿಪೇರಿ ಆಗದ ಹಡಗು ಎಲ್ಲಿಗೂ ಹೋಗುವುದಿಲ್ಲ. ಆ ದಿನಗಳಲ್ಲಿ ದೊಡ್ಡಪ್ಪ ಎಷ್ಟು ರಾತ್ರಿ ಮನೆಗೆ ಬರಲಿಲ್ಲ ಎಂದು ನೀವು ಕೇಳಿದ್ದೀರಾ?

ಅವರು ನೀಲಗಿರಿ ಹಡಗಿನಲ್ಲಿದ್ದರು ಎಂದು ಪತ್ರದ ಕೊನೆಯಲ್ಲಿ ಒಂದೇ ಸಾಲಲ್ಲಿ ಹೇಳಿದ್ದೀರಿ. ಅಲ್ಲೇ ನನ್ನ ಕಣ್ಣು ನಿಂತಿತು. ಮುಂಬೈಯಲ್ಲೇ ಕಟ್ಟಿದ ಹಡಗು ಅದು. 1972ರಲ್ಲಿ ಪಡೆಗೆ ಸೇರಿತು. ಆಮೇಲೆ ಅದೇ ಸಾಲಿನಲ್ಲಿ ಹಿಮಗಿರಿ, ಉದಯಗಿರಿ, ದುನಗಿರಿ, ತಾರಗಿರಿ, ವಿಂಧ್ಯಗಿರಿ ಬಂದವು. ಎಲ್ಲವೂ ಉಗಿಯಿಂದ ಓಡುತ್ತಿದ್ದವು. ಅಂಥ ಹಡಗಿನಲ್ಲಿ ಸಮುದ್ರದ ನೀರನ್ನು ಕಾಯಿಸಿ ಸಿಹಿನೀರು ಮಾಡಬೇಕು. ಮೊದಲ ಪಾಲು ಬಾಯ್ಲರಿಗೆ. ಉಳಿದದ್ದು ಅಡುಗೆಗೆ, ಕುಡಿಯಲು, ಸ್ನಾನಕ್ಕೆ. ಬಾಯ್ಲರ್ ನೀರಿಗೆ ಉಪ್ಪು ಸೇರಿದರೆ ಕೊಳವೆಗಳು ಹಾಳಾಗುತ್ತವೆ. ಜೂನ್ ಬಂದರೆ ಮನೆಯಿಂದ ಹೊರಗೆ ಕಾಲಿಡಲಾಗದ ಮಳೆಯಲ್ಲಿ ಬೆಳೆದ ಹುಡುಗ, ಸುತ್ತಲೂ ನೀರಿದ್ದು ಒಂದು ಬಕೆಟ್ ಸ್ನಾನಕ್ಕೂ ಲೆಕ್ಕ ಹಾಕುತ್ತ ಬದುಕಿದ್ದನ್ನು ಬರೆಯಿರಿ. ಓದುವವರಿಲ್ಲ ಎಂದು ನಿಮಗೆ ಯಾರು ಹೇಳಿದರು?

ಸುಂಟಿಕೊಪ್ಪದ ಹತ್ತಿರ ನನಗೆ ಪರಿಚಯದ ಇನ್ನೊಬ್ಬ ನಿವೃತ್ತ ನೌಕಾಧಿಕಾರಿ ಇದ್ದಾರೆ. ತೋಟದವರು ಎಲ್ಲರೂ ಇಂಚು, ಸೆಂಟ್ ಎಂದು ಮಳೆ ಲೆಕ್ಕ ಇಡುತ್ತಾರೆ. ಇವರ ಪುಸ್ತಕದಲ್ಲಿ ಗಾಳಿಯ ದಿಕ್ಕು, ಮೋಡ, ವಾಯುಭಾರಕ್ಕೂ ಬೇರೆ ಬೇರೆ ಕಾಲಂ ಇವೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನಕ್ಕೆ ಕೆಂಪು ಗೆರೆ. 2018ರ ಆಗಸ್ಟ್ ಪುಟಗಳನ್ನು ಅವರು ನನಗೆ ತೋರಿಸಿದ್ದರು. ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜಾರುತ್ತಿದ್ದ ವಾರ ಅದು. "12 ಗಂಟೆಗೆ ಮಾಪಕ ಖಾಲಿ ಮಾಡಿದೆ. 4 ಗಂಟೆಗೆ ಮತ್ತೆ" ಎಂದು ಬರೆದಿದೆ. ಅಕ್ಷರ ಒಂದಿಷ್ಟೂ ಅಲುಗಾಡಿಲ್ಲ. ಹನ್ನೆರಡರಿಂದ ನಾಲ್ಕು ಹಡಗಿನ ನಡುರಾತ್ರಿ ಪಾಳಿ. ನಾಲ್ಕು ನಾಲ್ಕು ಗಂಟೆಯ ಪಾಳಿ, ಸಂಜೆ ಮಾತ್ರ ಎರಡೆರಡು ಗಂಟೆಯವು. ದಿನವೂ ಒಬ್ಬನ ತಲೆಗೇ ನಡುರಾತ್ರಿ ಬೀಳಬಾರದು ಎಂದು ಹಾಗೆ ಮಾಡಿದ್ದಾರಂತೆ. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಅವರ ಮೈಯೊಳಗೆ ಆ ಗಡಿಯಾರ ಓಡುತ್ತಿದೆ. ಇಂಥ ಮನುಷ್ಯನನ್ನು ನಾವು ಕರೆಯುವುದು ಆಗಸ್ಟ್ 15ಕ್ಕೆ ಧ್ವಜ ಏರಿಸಲು, ಇಲ್ಲವೇ ಹಾಕಿ ಪಂದ್ಯದ ಬಹುಮಾನ ಕೊಡಲು. ಶಾಲು ಹೊದಿಸಿ, ಫೋಟೋ ತೆಗೆದು ಕಳಿಸಿಬಿಡುತ್ತೇವೆ. ಏನು ಕಂಡಿರಿ ಎಂದು ಯಾರೂ ಕೇಳುವುದಿಲ್ಲ.

ಇನ್ನೊಂದು ಸಂಕಟ ಹೇಳಲೇಬೇಕು. ನಮ್ಮ ಅಧಿಕಾರಿಗಳು ನೆನಪು ಬರೆದರೂ ಜಾಸ್ತಿ ಇಂಗ್ಲಿಷಿನಲ್ಲೇ ಬರೆಯುತ್ತಾರೆ. ತೋಟದಲ್ಲಿ ಕೆಲಸ ಮಾಡುವವರ ಮಗಳು, ಪಕ್ಕದ ಸರ್ಕಾರಿ ಶಾಲೆಯ ಹುಡುಗ ಅದನ್ನು ಓದುವುದು ಹೇಗೆ? ಕಾರವಾರದಲ್ಲಿ ಕದಂಬ ನೌಕಾನೆಲೆ 2005ರಿಂದ ಇದೆ. ಮಾಕುಟ್ಟ ಘಾಟಿ ಇಳಿದು ಕಣ್ಣೂರು ದಾಟಿದರೆ ಏಳಿಮಲದಲ್ಲಿ ನೌಕಾ ಅಕಾಡೆಮಿಯೇ ಇದೆ. ಆದರೂ ಸೈನ್ಯ ಎಂದರೆ ನಮ್ಮ ಮಕ್ಕಳಿಗೆ ಭೂಸೇನೆ ಮಾತ್ರ. ತಪ್ಪು ಮಕ್ಕಳದ್ದಲ್ಲ, ಅವರಿಗೆ ಕನ್ನಡದಲ್ಲಿ ಹೇಳಿದವರಿಲ್ಲ. ಈ ನಡುವೆ ಹಿರಿಯರು ತೀರಿಕೊಂಡರೆ ಮಕ್ಕಳು ಬೆಂಗಳೂರಿನಿಂದಲೋ ವಿದೇಶದಿಂದಲೋ ಬರುತ್ತಾರೆ. ಮನೆ ಹೋಂಸ್ಟೇ ಆಗುತ್ತದೆ. ಟ್ರಂಕಿನ ಕಾಗದಗಳು ಗುಜರಿಗೆ ಹೋಗುತ್ತವೆ. ಸಮವಸ್ತ್ರದ ಟೋಪಿ ಪ್ರವಾಸಿಗರ ಫೋಟೋಗೆಂದು ಗೋಡೆ ಮೇಲೆ ಉಳಿಯುತ್ತದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ನೀವು ಹಾಗೆ ಬಿಡುವವರಲ್ಲ. ಬಿಡುವವರಾಗಿದ್ದರೆ ನಾಲ್ಕು ಪುಟದ ಪತ್ರ ಬರೆಯುತ್ತಿರಲಿಲ್ಲ. ದೊಡ್ಡಪ್ಪನ ಹತ್ತಿರ ಪದಕದ ವಿಷಯ ಎತ್ತಬೇಡಿ. ಎಂಜಿನ್ ಕೋಣೆಯಲ್ಲಿ ಎಷ್ಟು ಸೆಕೆ ಇತ್ತು, ಮೊದಲ ಸಲ ಕಡಲು ಕೆರಳಿದಾಗ ಏನಾಯಿತು, ನಮ್ಮ ಸುಗ್ಗಿ ಹಬ್ಬ ಪುತ್ತರಿ ದಿನ ಎಲ್ಲಿರುತ್ತಿದ್ದರು ಎಂದು ಕೇಳಿ. ದೊಡ್ಡಮ್ಮನನ್ನೂ ಬೇರೆಯಾಗಿ ಕೂರಿಸಿ ಕೇಳಿ. ಗಂಡ ಕಡಲಲ್ಲಿದ್ದಾಗ ಮಕ್ಕಳ ಜ್ವರ, ಸ್ಕೂಲು, ಕ್ವಾರ್ಟರ್ಸ್ ಬದಲಾಯಿಸುವುದು ಎಲ್ಲ ಅವರೊಬ್ಬರ ತಲೆ ಮೇಲೇ ಇತ್ತು. ಆ ಅರ್ಧ ಇಲ್ಲದೆ ನಿಮ್ಮ ಬರಹವನ್ನು ನಾನು ತೆಗೆದುಕೊಳ್ಳುವುದಿಲ್ಲ.

ಡಿಸೆಂಬರ್ 4 ನೌಕಾಪಡೆ ದಿನ. ಆ ತಿಂಗಳ ಸಂಚಿಕೆಯಲ್ಲಿ ನಿಮಗೆಂದು ಆರು ಪುಟ ಇಟ್ಟಿದ್ದೇನೆ. ಕೈಬರಹವಾದರೂ ಸರಿ, ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದರೂ ಸರಿ, ನಮ್ಮವರು ಕೂತು ಬರೆದುಕೊಳ್ಳುತ್ತಾರೆ. ಹಳೆಯ ಫೋಟೋ ಇದ್ದರೆ ಅದರಲ್ಲಿರುವವರು ಯಾರು ಯಾರು ಎಂದು ದೊಡ್ಡಪ್ಪನ ಕೈಯಲ್ಲೇ ಹಿಂದೆ ಬರೆಸಿ ಕಳಿಸಿ.