ಮಾಡದ ತಪ್ಪಿಗೆ ಕ್ಷಮೆ ಕೇಳಬೇಕೆ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ.)

ಅವರು ಒಂದು ಚಿಕ್ಕ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಬಹಳ ವರ್ಷಗಳಿಂದ ಮಕ್ಕಳಿಗೆ ಬೈಬಲ್ ಕಲಿಸುವ ಸಂಡೇ ಸ್ಕೂಲ್ ಶಿಕ್ಷಕಿ. ಶನಿವಾರ ಸಂಜೆಯಾದರೆ ಎದೆ ಬಡಿದುಕೊಳ್ಳುತ್ತದೆ, ರಾತ್ರಿಯಿಡೀ ನಿದ್ದೆಯಿಲ್ಲ ಎಂದು ಸಲಹೆ ಕೇಳಲು ನನ್ನ ಬಳಿ ಬಂದಿದ್ದರು. ವೈದ್ಯರು ಪರೀಕ್ಷಿಸಿ ಹೃದಯಕ್ಕೆ ಏನೂ ತೊಂದರೆಯಿಲ್ಲ ಎಂದಿದ್ದರು.

ಅವರ ಪಾಸ್ಟರ್ ಸಭೆಯವರ ಮದುವೆ, ಕೆಲಸ, ಮನೆ ಬದಲಾವಣೆ ಎಲ್ಲಕ್ಕೂ ತಮ್ಮ ಅನುಮತಿ ಬೇಕು ಎನ್ನುವವರು. ಗುಟ್ಟಾಗಿ ಹೇಳಿಕೊಂಡ ಸಂಕಟಗಳು ಮುಂದಿನ ಭಾನುವಾರ ‘ದೇವರು ನನಗೆ ತೋರಿಸಿದರು’ ಎಂಬ ಹೆಸರಿನಲ್ಲಿ ಅವರ ಪ್ರಸಂಗದೊಳಗೆ (ಆರಾಧನೆಯ ಉಪದೇಶದೊಳಗೆ) ಬರುತ್ತಿದ್ದವು. ಇದನ್ನೆಲ್ಲ ಇವರು ಸಹಿಸಿದ್ದರು. ಕಟ್ಟಡ ನಿಧಿಯ ಲೆಕ್ಕವನ್ನು ಯಾರು ಪರಿಶೀಲಿಸುತ್ತಾರೆ ಎಂದು ಸಭೆಯ ವಾಟ್ಸಾಪ್ ಗುಂಪಿನಲ್ಲಿ ಒಮ್ಮೆ ಕೇಳಿದರು, ಅಷ್ಟೇ. ಮೊಬೈಲ್ ತೆಗೆದು ನನಗೆ ತೋರಿಸಿದರು. ಪ್ರಶ್ನೆ ಒಂದೇ ಸಾಲು, ಕೊನೆಯಲ್ಲಿ ‘ದಯವಿಟ್ಟು’ ಎಂದೂ ಇತ್ತು. ಕೆಳಗೆ ಪಾಸ್ಟರ್ ಉತ್ತರ: ಇದು ಬಂಡಾಯದ ಆತ್ಮ, ಎಲ್ಲರೂ ಈ ಸಹೋದರಿಗಾಗಿ ಪ್ರಾರ್ಥಿಸಿ. ಅದರ ಕೆಳಗೆ ಇವರ ಆಪ್ತರೇ ಸಾಲಾಗಿ ಹಾಕಿದ ‘ಆಮೆನ್’ಗಳು. ಇವರನ್ನು ಸಂಡೇ ಸ್ಕೂಲಿನಿಂದ ತೆಗೆದರು. ಆರಾಧನೆಯಲ್ಲಿ ಎದ್ದು ನಿಂತು ಕ್ಷಮೆ ಕೇಳಿದರೆ ಮಾತ್ರ ಮತ್ತೆ ಸೇರಿಸಿಕೊಳ್ಳುವುದು ಎಂದರು.

“ಕೇಳಿದರೆ ದೇವರ ಮನೆಯಲ್ಲಿ ಸುಳ್ಳು ಹೇಳಿದಂತೆ, ಕೇಳದಿದ್ದರೆ ಅವಿಧೇಯತೆ. ಎರಡರಲ್ಲಿ ಯಾವುದು ಪಾಪ?” ಎಂದು ಕೇಳಿದರು. ಪಾಸ್ಟರ್ ಹೇಳಿದ್ದೇ ದೇವರು ಹೇಳಿದ್ದು ಎಂದು ವರ್ಷಗಟ್ಟಲೆ ಕಲಿಸಿದಲ್ಲಿ ಮನಸ್ಸಾಕ್ಷಿಗೆ ಮಾತನಾಡುವ ಜಾಗವೇ ಉಳಿಯುವುದಿಲ್ಲ. ಆಗ ಮಾತನಾಡುವುದು ದೇಹ. ಆ ಶನಿವಾರದ ಎದೆಬಡಿತವನ್ನು ನಾನು ಹಾಗೆಯೇ ಓದಿದೆ.

ಬಂದವರ ನಂಬಿಕೆಯ ಒಳಗೇ ನಿಂತು ಮಾತನಾಡುವುದು ನನ್ನ ರೂಢಿ. ಅವರನ್ನು ಕಟ್ಟಿಹಾಕಿದ್ದು ಬೈಬಲಿನ ಒಂದು ವಾಕ್ಯ, ‘ಅಭಿಷಿಕ್ತರನ್ನು (ದೇವರು ಆರಿಸಿಕೊಂಡವರನ್ನು) ಮುಟ್ಟಬಾರದು’. ಅದು ಇರುವ 105ನೆಯ ಕೀರ್ತನೆಯನ್ನು ಜೊತೆಯಾಗಿ ಓದಿದೆವು. ಅಬ್ರಹಾಮ, ಇಸಾಕ, ಯಾಕೋಬರು ಹಿಡಿಯಷ್ಟು ಜನರಾಗಿ, ಪರದೇಶಿಗಳಾಗಿ ಅಲೆಯುತ್ತಿದ್ದಾಗ ದೇವರು ಅರಸರನ್ನು ಗದರಿಸಿ ಹೇಳುವ ಮಾತದು. ಬಲವಿಲ್ಲದವರನ್ನು ಬಲವಿದ್ದವರಿಂದ ಕಾಯಲು ಬಂದ ವಾಕ್ಯವನ್ನು ತಲೆಕೆಳಗು ಮಾಡಿ ಅವರ ಮೇಲೆಯೇ ಹೇರಿದ್ದರು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಸಮುವೇಲನ ಮೊದಲನೆಯ ಗ್ರಂಥದ 24ನೆಯ ಅಧ್ಯಾಯದಲ್ಲಿ ಹೆಚ್ಚು ಹೊತ್ತು ನಿಂತೆವು. ತನ್ನನ್ನು ಕೊಲ್ಲಲು ಬೆನ್ನಟ್ಟಿದ್ದ ಅರಸ ಸೌಲ ಗವಿಯಲ್ಲಿ ಕೈಗೆ ಸಿಕ್ಕರೂ, ದೇವರ ಅಭಿಷಿಕ್ತನೆಂದು ದಾವೀದ ಅವನನ್ನು ಕೊಲ್ಲುವುದಿಲ್ಲ, ನಿಲುವಂಗಿಯ ಅಂಚನ್ನಷ್ಟೇ ಕತ್ತರಿಸುತ್ತಾನೆ. ಅಷ್ಟಕ್ಕೂ ಅವನ ಮನಸ್ಸಾಕ್ಷಿ ಚುಚ್ಚುತ್ತದೆ. ಪಾಸ್ಟರ್ ಪ್ರಸಂಗ ಯಾವಾಗಲೂ ಇಲ್ಲಿಗೇ ನಿಲ್ಲುತ್ತಿತ್ತಂತೆ. ಕಥೆ ಮುಂದಿದೆ. ದಾವೀದ ಹೊರಗೆ ಬಂದು, ಎಲ್ಲರಿಗೂ ಕೇಳುವಂತೆ ಸೌಲನನ್ನು ಕೂಗಿ, ನನ್ನನ್ನೇಕೆ ಬೇಟೆಯಾಡುತ್ತೀ ಎಂದು ಕೇಳುತ್ತಾನೆ. ಸೌಲ ಅಳುತ್ತಾನೆ, ನೀನೇ ನೀತಿವಂತ ಎನ್ನುತ್ತಾನೆ. ಅಷ್ಟಾದರೂ ದಾವೀದ ಅವನ ಜೊತೆ ಹೋಗುವುದಿಲ್ಲ. ಸೌಲ ಮನೆಗೆ ಹೋದ, ದಾವೀದ ತನ್ನ ಆಶ್ರಯಗಿರಿಗೆ ಹೋದ. 26ನೆಯ ಅಧ್ಯಾಯದಲ್ಲಿ ‘ಹಿಂದಿರುಗಿ ಬಾ’ ಎಂದು ಕರೆದಾಗಲೂ ಸೌಲನ ಈಟಿಯನ್ನು ಮರಳಿ ಕೊಟ್ಟ, ತಾನು ಮರಳಲಿಲ್ಲ.

ಇದನ್ನು ಓದಿ ಅವರು ತುಂಬಾ ಹೊತ್ತು ಅತ್ತರು. ಕೇಡು ಮಾಡದಿರುವುದಕ್ಕೂ ಬಾಯಿ ಮುಚ್ಚಿಕೊಂಡಿರುವುದಕ್ಕೂ ಅಂತರವಿದೆ, ಕ್ಷಮಿಸಿದ ಮಾತ್ರಕ್ಕೆ ಅದೇ ಕೈಕೆಳಗೆ ಮತ್ತೆ ಹೋಗಬೇಕಾಗಿಲ್ಲ ಎಂಬುದು ಅವರಿಗೆ ಅಂದು ಕಂಡಿತು.

ಸಲಹೆಗೆ ಬರುತ್ತೇನೆ. ಮೊದಲು, ನಿಜವಾಗಿ ಮಾಡಿದ ತಪ್ಪೇನಾದರೂ ಇದ್ದರೆ ಬರೆದುಕೊಳ್ಳಿ ಎಂದೆ. ಸಿಟ್ಟಿನಲ್ಲಿ ಒಬ್ಬ ಗೆಳತಿಯ ಬಳಿ ಪಾಸ್ಟರ್ ಕುಟುಂಬದ ಬಗ್ಗೆ ಹಗುರವಾಗಿ ಮಾತನಾಡಿದ್ದು ನೆನಪಾಯಿತು. ಅದಕ್ಕೆ ಕ್ಷಮೆ ಕೇಳಿ, ಲೆಕ್ಕ ಕೇಳಿದ್ದಕ್ಕೆ ಬೇಡ. ಏಕಾಂತದಲ್ಲಿ ಮೊಣಕಾಲೂರಿ ದೇವರಿಗೆ ಹೇಳಲಾಗದ ಕ್ಷಮಾಪಣೆಯನ್ನು ಜನರ ಮುಂದೆ ಹೇಳಬೇಡಿ.

ಪಾಸ್ಟರ್ ಕರೆದರೆ ಒಬ್ಬರೇ ಹೋಗಬೇಡಿ. ಬೈಬಲಿನ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲೇ, ತಪ್ಪು ಮಾಡಿದ ಸಹೋದರನೊಡನೆ ಮಾತನಾಡಲು ಒಬ್ಬಿಬ್ಬರು ಸಾಕ್ಷಿಗಳನ್ನು ಕರೆದೊಯ್ಯುವ ಹೆಜ್ಜೆ ಇದೆ. ಸಭೆಯ ಹಿರಿಯರ (ಸಭೆ ನಡೆಸುವವರ) ಮೇಲಿನ ದೂರನ್ನು ಎರಡು ಮೂರು ಸಾಕ್ಷಿಗಳಿದ್ದರೆ ಸ್ವೀಕರಿಸಬೇಕು ಎಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 5ನೆಯ ಅಧ್ಯಾಯ ಹೇಳುತ್ತದೆ. ಅಂದರೆ ದೂರು ಕೊಡುವುದೇ ಪಾಪವಲ್ಲ. ಮಾತಾದ ಮೇಲೆ ಏನು ನಡೆಯಿತೆಂದು ಅಂದೇ ಬರೆದಿಡಿ. ಮನೆಯ ಗುಟ್ಟುಗಳನ್ನು ಇನ್ನು ಅಲ್ಲಿ ಹೇಳಬೇಡಿ. ಇವರ ವಿಷಯದಲ್ಲಿ ಹಾಗಿರಲಿಲ್ಲ, ಆದರೂ ಓದುಗರಿಗಾಗಿ ಹೇಳಬೇಕು: ಮಗುವಿನ ಮೇಲೆ ದೌರ್ಜನ್ಯ, ಲೈಂಗಿಕ ಕಿರುಕುಳ, ಹೊಡೆತದಂಥ ಅಪರಾಧ ನಡೆದಿದ್ದರೆ ಮತ್ತಾಯ 18ರ ಹೆಜ್ಜೆಗಳನ್ನು ಕಾಯುತ್ತ ಕೂರಬಾರದು, ನೇರವಾಗಿ ಪೊಲೀಸರ ಬಳಿ ಹೋಗಬೇಕು.

‘ನನಗೊಬ್ಬಳಿಗೇ ಹೀಗಾಯಿತೇ’ ಎಂಬ ಕೊರಗಿಗೆ, 1970ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದ ಶೆಫರ್ಡಿಂಗ್ ಎಂಬ ಕ್ರೈಸ್ತ ಚಳವಳಿಯ ಬಗ್ಗೆ ಹೇಳಿದೆ. ಅಲ್ಲಿಯೂ ಸ್ವಂತ ಬದುಕಿನ ನಿರ್ಧಾರಗಳಿಗೆ ಮೇಲಿನವರ ಒಪ್ಪಿಗೆ ಬೇಕಾಗಿತ್ತು. ಅದರ ಐವರು ಮುಂದಾಳುಗಳಲ್ಲಿ ಒಬ್ಬರಾದ ಬಾಬ್ ಮಮ್‌ಫರ್ಡ್ 1989ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು.

ಇವರ ಗಂಡ ಈಗಲೂ ಅದೇ ಸಭೆಯವರು. ಅವರನ್ನು ಎಳೆದು ತರುವ ಪ್ರಯತ್ನ ಬೇಡ ಎಂದೆ. ಮನೆಯಲ್ಲಿ ಇನ್ನೊಬ್ಬ ಪಾಸ್ಟರ್ ಹುಟ್ಟುವುದು ಯಾರಿಗೂ ಒಳ್ಳೆಯದಲ್ಲ.

ಅವರು ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ, ಹಗುರ ಮಾತಿಗೆ ಕ್ಷಮೆ ಕೇಳಿ, ಲೆಕ್ಕದ ಪ್ರಶ್ನೆಯನ್ನು ಬರಹದಲ್ಲಿ ಕೊಟ್ಟರು. ಪಾಸ್ಟರ್ ಅದನ್ನು ಓದದೆ ಮಡಚಿಟ್ಟರಂತೆ. ಕೆಲವು ವಾರ ಕಾದು, ಕಾರಣ ತಿಳಿಸಿ ಪತ್ರ ಬರೆದು ಹೊರಬಂದರು. ಜೊತೆಗೆ ಬಂದ ಹಿರಿಯರು ಅಲ್ಲೇ ಇದ್ದಾರೆ, ಲೆಕ್ಕ ಇನ್ನೂ ಹೊರಬಂದಿಲ್ಲ. ನಿದ್ದೆ ಸುಧಾರಿಸಿದೆ. ಗೆಳತಿಯರು ಫೋನ್ ಎತ್ತುವುದಿಲ್ಲ, ಆ ನೋವು ಕಡಿಮೆಯಾಗಿಲ್ಲ. ಮುಂದಿನ ಭೇಟಿಗೆ ಗಂಡನೂ ಬರುತ್ತೇನೆ ಎಂದಿದ್ದಾರೆ; ಮಗಳನ್ನು ಯಾವ ಸಂಡೇ ಸ್ಕೂಲಿಗೆ ಕಳುಹಿಸುವುದು ಎಂಬುದನ್ನು ಅಂದು ಮೊದಲು ಮಾತನಾಡಬೇಕು.