ಓದುಗರ ಪ್ರಶ್ನೆ: ಬೇಟೆಗೆ ಗುರಿ ತಪ್ಪದ ರಿವಾಲ್ವರ್ ಯಾವುದು?

ಪ್ರಶ್ನೆ: ನನ್ನ ಮಗ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಎಚ್‌-1ಬಿ ವೀಸಾದ ಮೇಲೆ ಕೆಲಸದಲ್ಲಿದ್ದಾನೆ. ಅಲ್ಲಿನ ಗೆಳೆಯರು ಜಿಂಕೆಯನ್ನೂ ಹಂದಿಯನ್ನೂ ರಿವಾಲ್ವರಿನಿಂದಲೇ ಬೇಟೆಯಾಡುತ್ತಾರಂತೆ. ತಾನೂ ಒಂದನ್ನು ಕೊಳ್ಳಬೇಕೆಂದಿದ್ದಾನೆ. ಗುರಿಯಲ್ಲಿ ಅತ್ಯಂತ ನಿಖರವಾದುದು ಯಾವುದೆಂದು ನನ್ನನ್ನು ಕೇಳುತ್ತಾನೆ. ತಂದೆಯವರ ಕಾಲದ ಕೇಪಿನ ಕೋವಿಯನ್ನು ಬಿಟ್ಟರೆ ನನಗೆ ಈ ವಿಷಯ ತಿಳಿಯದು. ದಯವಿಟ್ಟು ವಿವರಿಸಿ.
— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ರಿವಾಲ್ವರ್ ಆರಿಸುವ ಮೊದಲೇ ನಿಮ್ಮ ಮಗನಿಗೆ ಒಂದು ಮಾತು ತಿಳಿದಿರಲೇಬೇಕು. ಎಚ್‌-1ಬಿಯಂಥ ತಾತ್ಕಾಲಿಕ ವೀಸಾದ ಮೇಲಿರುವವರು ಬಂದೂಕು ಅಥವಾ ತೋಟಾ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಈ ನಿಷೇಧಕ್ಕಿರುವ ವಿನಾಯಿತಿಗಳಲ್ಲಿ ಮುಖ್ಯವಾದುದು, ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಟೆಕ್ಸಾಸಿನಲ್ಲಿ 2019ರಿಂದ ಜಮೀನಿನ ಮಾಲೀಕರ ಒಪ್ಪಿಗೆಯಿದ್ದರೆ ಕಾಡುಬಿದ್ದ ಹಂದಿಯನ್ನು ಪರವಾನಗಿಯಿಲ್ಲದೆ ಹೊಡೆಯಬಹುದೆಂಬುದು ನಿಜ. ಗೆಳೆಯರು ಅದನ್ನೇ ಹೇಳಿ ಧೈರ್ಯ ತುಂಬಿಯಾರು. ಆದರೆ ಅವರಿಗೆ ಬೇಡವಾದ ಆ ಕಾಗದವೇ ನಿಮ್ಮ ಮಗನ ಕೈಯಲ್ಲಿ ಬಂದೂಕು ಇರುವುದನ್ನು ಕಾನೂನುಬದ್ಧಗೊಳಿಸುವುದು. ಅದು ವರ್ಷ ವರ್ಷವೂ ಮುಗಿಯುತ್ತದೆ. ನವೀಕರಿಸಲು ಮರೆತ ದಿನದಿಂದ ಮನೆಯಲ್ಲಿರುವ ರಿವಾಲ್ವರೇ ಅಪರಾಧವಾಗಿ, ವೀಸಾಕ್ಕೂ ಕುತ್ತು ಬರಬಹುದು. 1971ರ ಸೆಪ್ಟೆಂಬರ್ 2ರಂದು ಅಥವಾ ಅನಂತರ ಹುಟ್ಟಿದವರು ಆ ರಾಜ್ಯದಲ್ಲಿ ಬೇಟೆಯ ಸುರಕ್ಷತೆಯ ತರಬೇತಿಯನ್ನೂ ಪಡೆಯಬೇಕು. ಅವನು ಅಲ್ಲಿಂದಲೇ ಆರಂಭಿಸಲಿ.

ಇನ್ನು ನಿಖರತೆಯ ವಿಷಯ. ಒಳ್ಳೆಯ ರಿವಾಲ್ವರನ್ನು ಮರಳಿನ ಚೀಲದ ಮೇಲಿಟ್ಟು ಹೊಡೆದರೆ ಐವತ್ತು ಗಜದಲ್ಲಿ ಗುಂಡುಗಳು ಅಂಗೈ ಅಗಲದೊಳಗೆ ಬೀಳುತ್ತವೆ. ಅದೇ ರಿವಾಲ್ವರನ್ನು ನಿಂತು, ಎರಡೂ ಕೈಯಲ್ಲಿ ಹಿಡಿದು, ಏದುಸಿರಿನಲ್ಲಿ ಹೊಡೆದರೆ ಇಪ್ಪತ್ತೈದು ಗಜದಲ್ಲಿಯೇ ಚೆದುರಿಹೋಗುತ್ತವೆ. ಕೋವಿಯನ್ನು ಹೆಗಲಿಗೆ ಒತ್ತಿ ಕೆನ್ನೆಗೆ ಆನಿಸಿ ಹಿಡಿಯುತ್ತೇವೆ. ರಿವಾಲ್ವರಿಗೆ ಅಂಥ ಆಸರೆಯಿಲ್ಲ, ಮಣಿಕಟ್ಟಿನ ಸಣ್ಣ ನಡುಕವೂ ನಳಿಗೆಯ ತುದಿಗೆ ಮುಟ್ಟುತ್ತದೆ. ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಜಾಗ ಸುಮಾರು ಎಂಟು ಅಂಗುಲ ಅಗಲದ್ದು, ಅಂದರೆ ನಮ್ಮಲ್ಲಿ ತಿಂಡಿ ಕೊಡುವ ಚಿಕ್ಕ ಅಡಿಕೆ ಹಾಳೆತಟ್ಟೆಯಷ್ಟು. ನಿಮ್ಮ ಮಗ ಅಂಥದೊಂದು ತಟ್ಟೆಯನ್ನು ನಿಲ್ಲಿಸಿ, ಕಾಡಿನಲ್ಲಿ ಹೇಗೆ ಕೂರುತ್ತಾನೋ ಹಾಗೆಯೇ ಕೂತು, ಆರು ಗುಂಡುಗಳನ್ನೂ ತಪ್ಪದೆ ಅದರೊಳಗೆ ಹಾಕುವ ದೂರ ಎಷ್ಟೆಂದು ಗಜ ಹಿಡಿದು ಅಳೆಯಲಿ. ಅದು ಮೂವತ್ತು ಗಜವಾದರೆ ಮೂವತ್ತೊಂದನೆಯ ಗಜದಲ್ಲಿ ನಿಂತ ಪ್ರಾಣಿಯ ಮೇಲೆ ಅವನಿಗೆ ಈಡು ಹಾಕುವ ಹಕ್ಕಿಲ್ಲವೆಂದೇ ನಾನು ತಿಳಿಯುತ್ತೇನೆ, ಏಕೆಂದರೆ ಗುರಿ ತಪ್ಪಿದ ಗುಂಡಿನ ನೋವನ್ನು ಹೊತ್ತು ಪೊದೆಯಲ್ಲಿ ದಿನಗಟ್ಟಲೆ ನರಳುವುದು ಆ ಪ್ರಾಣಿ.

ತೋಟಾ ಆರಿಸುವುದು ಅಷ್ಟು ಕಷ್ಟವಲ್ಲ. ಇಂಥ ಬೇಟೆಗೆ ರೂಢಿಯಲ್ಲಿರುವುವು ಮುಖ್ಯವಾಗಿ ಎರಡು: 1935ರಲ್ಲಿ ಬಂದ .357 ಮ್ಯಾಗ್ನಮ್ ಮತ್ತು ಎರಡು ದಶಕಗಳ ಬಳಿಕ 1955ರಲ್ಲಿ ಬಂದ .44 ಮ್ಯಾಗ್ನಮ್. ಮೊದಲನೆಯದರ ಹತ್ತು ಗ್ರಾಂ ತೂಕದ ಗುಂಡು ಸುಮಾರು 700 ಜೂಲ್ ಶಕ್ತಿಯಿಂದ ಹೊರಡುತ್ತದೆ; ಎರಡನೆಯದರ ಹದಿನೈದೂವರೆ ಗ್ರಾಂ ಗುಂಡಿನಲ್ಲಿ 1,200ರಿಂದ 1,300 ಜೂಲ್ ಇರುತ್ತದೆ. ಟೆಕ್ಸಾಸಿನ ಬಿಳಿಬಾಲದ ಜಿಂಕೆ ದೊಡ್ಡ ಪ್ರಾಣಿಯೇನಲ್ಲ. ಹತ್ತಿರದಿಂದ, ಸರಿಯಾದ ಜಾಗಕ್ಕೆ ಬಿದ್ದರೆ .357 ಸಾಕು. (ನಮ್ಮದೇ ಚುಕ್ಕೆಜಿಂಕೆಯನ್ನು 1930ರ ದಶಕದಲ್ಲಿ ಅಲ್ಲಿಗೆ ಒಯ್ದು ಬಿಟ್ಟಿದ್ದರಿಂದ ಅದೂ ಈಗ ಅಲ್ಲಿನ ಬಯಲುಗಳಲ್ಲಿ ಹಿಂಡುಗಟ್ಟಿ ಮೇಯುತ್ತದೆ.) ಹಂದಿಯ ಮಾತು ಬೇರೆ. ಬಲಿತ ಗಂಡುಹಂದಿಯ ಭುಜದ ಮೇಲೆ ಚರ್ಮದಡಿ ಗಟ್ಟಿಯಾದ ಪದರವೊಂದು ಗುರಾಣಿಯಂತೆ ಬೆಳೆದಿರುತ್ತದೆ. ಅದರ ಹೃದಯವೂ ಜಿಂಕೆಯದಕ್ಕಿಂತ ಕೆಳಗೆ, ಮುಂಗಾಲಿನ ಸಂದಿಗೆ ಹತ್ತಿರದಲ್ಲಿದೆ. ಹಂದಿಯೂ ಉದ್ದೇಶದಲ್ಲಿದ್ದರೆ .44ಅನ್ನೇ, ಅದರಲ್ಲಿಯೂ ಚಪ್ಪಟೆ ಮೂತಿಯ ಗಟ್ಟಿ ಸೀಸದ ಗುಂಡನ್ನೇ ನಾನು ಹೇಳುವುದು. ಅದರ ಒದೆತ ತಾಳದೆ ಹೊಡೆಯುವ ಮೊದಲೇ ಕಣ್ಣು ಮುಚ್ಚುವವನಿಗೆ ಮಾತ್ರ .357 ಮೇಲು.

ಒಂದು ರಿವಾಲ್ವರ್ ನಿಖರವಾಗಿದ್ದು ಇನ್ನೊಂದು ಹಾಗಿಲ್ಲದಿರಲು ಕಾರಣ ಸಿಲಿಂಡರಿನಲ್ಲಿದೆ, ಅಂದರೆ ತೋಟಾ ತುಂಬುವ ತಿರುಗುವ ಉರುಳೆಯಲ್ಲಿ. ರೈಫಲಿನಲ್ಲಿ ತೋಟಾ ಕೂರುವ ಮನೆ ಒಂದೇ, ಅದು ನಳಿಗೆಗೆ ಅಂಟಿಕೊಂಡೇ ಇರುತ್ತದೆ. ರಿವಾಲ್ವರಿನಲ್ಲಿ ಸಾಮಾನ್ಯವಾಗಿ ಆರು ಮನೆಗಳು. ಒಂದೊಂದೂ ಸರದಿಯಂತೆ ತಿರುಗಿ ಬಂದು ನಳಿಗೆಗೆ ಕೂದಲೆಳೆಯಷ್ಟೂ ವಾರೆಯಾಗದೆ ನಿಲ್ಲಬೇಕು. ಬಹಳ ವರ್ಷಗಳ ಹಿಂದೆ ಕೊಪ್ಪದ ಕಡೆಯ ಒಂದು ತೋಟದ ಮನೆಯಲ್ಲಿ ಹಳೆಯ ರಿವಾಲ್ವರೊಂದನ್ನು ಪರೀಕ್ಷಿಸಲು ನನ್ನನ್ನು ಕರೆದಿದ್ದರು. ಮಣ್ಣಿನ ದಿಬ್ಬಕ್ಕೆ ಹೊಡೆಯುವಾಗ ಎಲ್ಲರೂ ಹಿಂದೆ ನಿಲ್ಲಿರೆಂದು ಹೇಳಲು ನಾನು ಮರೆತೆ. ಮೂರನೆಯ ಈಡಿಗೆ, ಒಂದು ಮಾರು ದೂರದಲ್ಲಿ ಪಕ್ಕಕ್ಕೆ ನಿಂತಿದ್ದ ತೋಟದ ರೈಟರು ಕೆನ್ನೆ ಹಿಡಿದುಕೊಂಡರು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಒರೆಸಿ ನೋಡಿದರೆ ಅಕ್ಕಿನುಚ್ಚಿನಷ್ಟು ಸೀಸದ ಚೂರು. ಸಿಲಿಂಡರನ್ನು ತೆರೆದು ನೋಡಿದಾಗ ಒಂದು ಮನೆಯ ಅಂಚಿನಲ್ಲಿ ಮಾತ್ರ ಸೀಸ ಬೆಳ್ಳಗೆ ಬಳಿದುಕೊಂಡಿತ್ತು. ಸಿಲಿಂಡರನ್ನು ತಿರುಗಿಸುವ ಹಲ್ಲು ಸವೆದು, ಆ ಮನೆ ಪೂರ್ತಿ ಸುತ್ತಿ ಬರುವ ಮೊದಲೇ ಗುಂಡು ಹಾರುತ್ತಿತ್ತು. ನಳಿಗೆಯ ಬಾಯಿ ಅದನ್ನು ಒಂದು ಕಡೆ ಕೆತ್ತಿ ಪಕ್ಕಕ್ಕೆ ಉಗುಳುತ್ತಿತ್ತು. ಅವರ ಕಣ್ಣು ಉಳಿದದ್ದು ಎರಡಂಗುಲದ ಅಂತರದಲ್ಲಿ.

ಆದ್ದರಿಂದ ಕೊಳ್ಳುವ ಮೊದಲು ಹೀಗೆ ಪರೀಕ್ಷಿಸಬೇಕು. ಆರೂ ಮನೆಗಳು ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಅಂಗಡಿಯವರ ಅನುಮತಿ ಪಡೆದು, ಕುದುರೆಯನ್ನು (ತೋಟಾ ಸಿಡಿಸಲು ಬಡಿಯುವ ಸುತ್ತಿಗೆಯನ್ನು) ಎಳೆದು ನಿಧಾನಕ್ಕೆ ಇಳಿಸಿ, ಟ್ರಿಗರನ್ನು ಒತ್ತಿ ಹಿಡಿದಂತೆಯೇ ಸಿಲಿಂಡರನ್ನು ಎಡಬಲಕ್ಕೆ ಅಲುಗಿಸಬೇಕು. ಆರು ಮನೆಗೂ ಆರು ಸಲ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು 0.10ರಿಂದ 0.15 ಮಿಲಿಮೀಟರ್ ಇದ್ದರೆ ಚೆನ್ನ. ಮೋಟಾರು ಮೆಕ್ಯಾನಿಕ್ಕರು ಬಳಸುವ ಫೀಲರ್ ಗೇಜಿನ 0.25ರ ಎಲೆ ಅಲ್ಲಿ ನುಸುಳಿದರೆ ಅದನ್ನು ಕೊಳ್ಳುವುದು ಬೇಡ. ಕೊಂಡ ಬಳಿಕ ಮನೆಗಳಿಗೆ ಒಂದರಿಂದ ಆರರವರೆಗೆ ಗುರುತು ಹಾಕಿ, ಒಂದೊಂದು ಮನೆಯಿಂದಲೂ ಬೇರೆ ಬೇರೆ ಕಾಗದಕ್ಕೆ ಐದೈದು ಗುಂಡು ಹೊಡೆದು ನೋಡಲಿ. ಐದು ಮನೆಗಳ ಗುಂಡು ಒಂದೆಡೆ ಬಿದ್ದು ಆರನೆಯದರದ್ದು ದೂರ ಸರಿಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಬೇಟೆಗೆ ಹೋದಾಗ ಮೊದಲ ಈಡು ಅತ್ಯುತ್ತಮ ಮನೆಯಿಂದಲೇ ಹೋಗುವಂತೆ ಸಿಲಿಂಡರನ್ನು ನಿಲ್ಲಿಸಿಕೊಳ್ಳಬಹುದು.

ಹೆಸರು ಹೇಳಬೇಕೆಂದರೆ, ರೂಗರ್ ಕಂಪನಿಯ ಸೂಪರ್ ಬ್ಲ್ಯಾಕ್‌ಹಾಕ್ 1959ರಿಂದಲೂ ಇದೇ ಕೆಲಸಕ್ಕೆ ಹೆಸರಾದುದು. ಪ್ರತಿ ಈಡಿಗೂ ಹೆಬ್ಬೆರಳಿನಿಂದ ಕುದುರೆ ಎಳೆಯಬೇಕಾದ ಸರಳ ಯಂತ್ರ. ಅದೇ ಕಂಪನಿಯ ಸೂಪರ್ ರೆಡ್‌ಹಾಕ್ ಏಳೂವರೆ ಅಂಗುಲದ ನಳಿಗೆಯೊಂದಿಗೆ ಒಂದೂವರೆ ಕಿಲೋ ತೂಗುತ್ತದೆ, ದುರ್ಬೀನು ಕೂರಿಸುವ ಕಚ್ಚುಗಳು ಅದರ ಚೌಕಟ್ಟಿನಲ್ಲಿಯೇ ಇವೆ. ಮೊದಲ ಬಾರಿಗೆ ಕೊಳ್ಳುವವನಿಗೆ ನನ್ನ ಸಲಹೆ ಇದೇ, ಏಕೆಂದರೆ ಆ ತೂಕವೇ .44ರ ಒದೆತವನ್ನು ಅರ್ಧ ನುಂಗಿಕೊಳ್ಳುತ್ತದೆ. ಫ್ರೀಡಮ್ ಆರ್ಮ್ಸ್‌ನ ಮಾದರಿ 83ರಲ್ಲಿ ಐದೇ ಮನೆಗಳು, ಒಂದೊಂದನ್ನೂ ನಳಿಗೆಯ ನೇರಕ್ಕೆ ಹೊಂದಿಸಿಯೇ ಕೊರೆಯುತ್ತಾರೆ. ನಿಖರತೆಯಲ್ಲಿ ಅದು ಇವೆಲ್ಲಕ್ಕಿಂತ ಮೇಲು, ಬೆಲೆಯೂ ಹಲವು ಪಟ್ಟು. ನಳಿಗೆ ಆರು ಅಂಗುಲಕ್ಕಿಂತ ಕಡಿಮೆಯಿರಬಾರದು. ಟ್ರಿಗರ್ ಒಂದೂವರೆ ಕಿಲೋ ಒತ್ತಡಕ್ಕೆ, ಎಳೆದಾಡದೆ, ಗಾಜಿನ ಕಡ್ಡಿ ಮುರಿದಂತೆ ಬಿಡುಗಡೆಯಾಗಬೇಕು. ಕಿವಿಗೆ ರಕ್ಷಣೆಯಿಲ್ಲದೆ .44ಅನ್ನು ಒಂದು ಸಲವೂ ಹೊಡೆಯಬಾರದು. ಹೋದ ಶ್ರವಣ ಮರಳಿ ಬರುವುದಿಲ್ಲ.

ಪ್ರಶ್ನೆ: ಆತ್ಮರಕ್ಷಣೆಗೆಂದು ನನಗೆ .32 ರಿವಾಲ್ವರಿನ ಲೈಸೆನ್ಸ್ ಇದೆ. ಅಡಿಕೆ ತೋಟಕ್ಕೂ ಗದ್ದೆಗೂ ರಾತ್ರಿ ನುಗ್ಗುವ ಹಂದಿಗಳಿಗೆ ಅದನ್ನೇ ಬಳಸಬಹುದೇ?
— ಓದುಗರೊಬ್ಬರು, ಹೊಸನಗರ

ಉತ್ತರ: ಖಂಡಿತ ಬಳಸಬಾರದು. .32ರ ಗುಂಡಿನಲ್ಲಿರುವುದು ಸುಮಾರು 150 ಜೂಲ್ ಶಕ್ತಿ, ಅಂದರೆ ಮೇಲೆ ಹೇಳಿದ .44ರ ಎಂಟನೆಯ ಒಂದು ಪಾಲು. ಅದು ಹಂದಿಯನ್ನು ಕೊಲ್ಲುವುದಿಲ್ಲ, ಗಾಯಗೊಳಿಸುತ್ತದೆ. ಬೆಳಿಗ್ಗೆ ಅದೇ ಹಂದಿ ಹುಲ್ಲು ಕೊಯ್ಯಲು ಹೋದವರ ಮೇಲೆ ತಿರುಗಿಬೀಳುತ್ತದೆ. ಕಾನೂನೂ ಒಪ್ಪುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಗೆ ಹೇಳುವುದು ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ಸುರುಳಿಗೆರೆಗಳಿಲ್ಲದ ಕೋವಿಗೆ ಲೈಸೆನ್ಸ್ ಕೊಡಬಹುದು. ಕೋವಿಯಿದ್ದರೂ ಹಂದಿಯನ್ನು ಹೊಡೆಯುವ ಅಧಿಕಾರ ತಾನಾಗಿ ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೆಯ ಕಲಮಿನಂತೆ, ಬೆಳೆಗೆ ಅಪಾಯವಿದೆಯೆಂದು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಲಿಖಿತ ಆದೇಶ ನೀಡಬೇಕು. ವರ್ಷವಿಡೀ ಬೆಳೆಸಿದ್ದು ಒಂದೇ ರಾತ್ರಿಯಲ್ಲಿ ಮಣ್ಣುಪಾಲಾಗುವ ಸಂಕಟ ನನಗೂ ಗೊತ್ತಿದೆ, ಆದ್ದರಿಂದಲೇ ಹೇಳುತ್ತೇನೆ: ಹಾಳಾದ ಗದ್ದೆಯ ಫೋಟೋ ಮತ್ತು ಪಹಣಿಯೊಂದಿಗೆ ಹತ್ತಿರದ ವಲಯ ಅರಣ್ಯಾಧಿಕಾರಿಯವರ ಕಚೇರಿಗೆ ಪರಿಹಾರಕ್ಕೊಂದು, ಅನುಮತಿಗೊಂದು ಅರ್ಜಿ ಕೊಟ್ಟು, ಎರಡಕ್ಕೂ ಸ್ವೀಕೃತಿ ಪಡೆದುಕೊಳ್ಳಿ.